ಒಂದು ಐದು ಮೂರು ಆರು ಎರಡು ನಾಲ್ಕು

ಎಂಜಿನ್ನಿಗೆ ಅದರದೇ ಎಣಿಕೆ:
ಒಂದು ಐದು ಮೂರು ಆರು ಎರಡು ನಾಲ್ಕು.
ಸಾಲಾಗಿ ನಿಂತ ಆರು ಸಿಲಿಂಡರುಗಳು
ಸಾಲು ತಪ್ಪಿಸಿಯೇ ಕಿಡಿ ಹಚ್ಚಿಕೊಳ್ಳಬೇಕು.
ಐವತ್ತೇಳನೇ ಇಸವಿಯ ಶೆವರ್ಲೆ ಟ್ರಕ್ಕು.
ಮೆಸಾಬಿಯ ಅದಿರುಧೂಳು ಕೂತು ಕೂತು
ಬಣ್ಣ ಯಾವುದು ತುಕ್ಕು ಯಾವುದು
ಹೇಳುವವರಿಲ್ಲ ಈಗ.

ಮೂರೇ ಗೇರು ಅದಕ್ಕೆ.
ಮೂರನೆಯದರಲ್ಲಿ ಐವತ್ತೈದು ಮೈಲಿ ದಾಟಿತೋ
ಹಂದಿ ಹಿಡಿದಂತೆ ಕಿರುಚಾಟ.
ರೈನೊ ಮತ್ತು ನಾನು ಮೂವತ್ತೊಂದು ವರ್ಷ
ಅದರೊಳಗೆ ಕೂತು ಆಡಿದ್ದೆಲ್ಲ ಕೂಗಿಯೇ:
ಹಾಲು ತಗೊಂಡೆಯಾ! ಎಡಕ್ಕೆ! ಜಿಂಕೆ, ಜಿಂಕೆ!
ನಿನ್ನ ತಂಗಿ ಫೋನು ಮಾಡಿದ್ದಳು!
ಒಮ್ಮೆ ಸೇತುವೆಯ ಮೇಲೆ ಏನೋ ಅಂದ,
ತಪ್ಪಾಯಿತು ಅಂದಿರಬೇಕು.
ಏನು? ಅಂತ ಕೂಗಿದೆ.
ಏನಿಲ್ಲ! ಅಂತ ಕೂಗಿದ.

ಐದು ಗೇರಿನ ಪೆಟ್ಟಿಗೆ ಸಿಕ್ಕಿದ್ದು ಝುಪಾನ್‌ನ ಗುಜರಿಯಲ್ಲಿ,
ಹಳ್ಳಕ್ಕುರುಳಿದ ಸಣ್ಣ ಪಿಕಪ್ಪೊಂದರ ಹೊಟ್ಟೆಯಿಂದ ಬಿಚ್ಚಿದ್ದು.
ನಲವತ್ತು ಡಾಲರು, ಜೊತೆಗೊಂದು ಡಬ್ಬ ಹೊಗೆ ಹಿಡಿಸಿದ ಮೀನು.
ಕೂರೋದಿಲ್ಲ ಐಲಿ, ಅಂದ ಝುಪಾನ್.
ಕೂರೋದಿಲ್ಲ ಅಂತ ನನಗೂ ಗೊತ್ತಿತ್ತು.
ಹನ್ನೊಂದು ವರ್ಷ ಗಣಿಯ ಲೇತಿನ ಮುಂದೆ ನಿಂತವಳು,
ಕೂರದ್ದನ್ನು ಕೂರಿಸುವುದಕ್ಕೇ ನನಗೆ ಸಂಬಳ ಕೊಟ್ಟಿದ್ದು,
ಗಣಿ ಮುಚ್ಚುವ ತನಕ.

ಹಳೆ ಕ್ಲಚ್ಚಿನ ತಟ್ಟೆಗೆ ಹತ್ತು ಹಲ್ಲು,
ಪೆಟ್ಟಿಗೆಯ ಮುಂದಣ ದಂಡಕ್ಕೆ ಹದಿನಾಲ್ಕು.
ಹಲ್ಲಿದ್ದ ಕಡೆ ಕಡಲೆಯಿಲ್ಲ. ಬೇರೆ ತಟ್ಟೆ ತಂದೆ.
ಕವಚದ ತೂತು ಅಗಲ, ಪೆಟ್ಟಿಗೆಯ ಕೊರಳು ಸಣ್ಣ,
ಅಜ್ಜನ ಉಂಗುರ ಕೂಸಿನ ಬೆರಳಿಗೆ.
ನಡುವೆ ತುಂಬಲು ಉಕ್ಕಿನ ಬಳೆಯೊಂದನ್ನು ಕಡೆದೆ.
ಇಂಚಿನ ಸಾವಿರದಲ್ಲಿ ಎರಡು ಪಾಲು ಹೆಚ್ಚಾಯಿತು.
ಕಡೆದೆ. ಒಂದು ಪಾಲು ಕಡಿಮೆಯಾಯಿತು.
ಬಯ್ದು, ಕಾಫಿ ಕುಡಿದು, ಹೊಸ ಬಳೆ ಕಡೆದೆ.

ಕ್ರ್ಯಾಂಕಿನ ತುದಿಗೆ ಹೋಗಬೇಕಾದ ಕಂಚಿನ ಬುಷ್ಷನ್ನು
ರಾತ್ರಿ ಕಿಟಕಿಯ ಹೊರಗೆ ಹಿಮದಲ್ಲಿಟ್ಟೆ.
ಬೆಳಿಗ್ಗೆಗೆ ಕುಗ್ಗಿತ್ತು. ಸುತ್ತಿಗೆ ಬೇಕಾಗಲಿಲ್ಲ,
ಹೆಬ್ಬೆರಳಿಗೇ ಒಳಹೋಯಿತು.
ಬಾವಿ ಹೆಪ್ಪುಗಟ್ಟಿಸಿ, ಕೋಳಿ ಕೊಂದ ಈ ಚಳಿ
ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿತು.

ಬೆನ್ನ ಕೆಳಗೆ ಕಾಂಕ್ರೀಟು, ಎದೆಯ ಮೇಲೆ ಪೆಟ್ಟಿಗೆ.
ರೈನೊ ದೀಪ ಹಿಡಿದಿದ್ದ,
ಅಂದರೆ ಅವನಿಗೆ ಕಾಣುವ ಹಾಗೆ ಹಿಡಿದಿದ್ದ.
ಮೂರು ಸಲ ಏರಿಸಿ ಮೂರು ಸಲ ಇಳಿಸಿದೆವು.
ಅರ್ಧ ಇಂಚು ಬಾಕಿ ಉಳಿದಾಗಲೇ ಅವಸರ ಹುಟ್ಟುವುದು:
ಬೋಲ್ಟು ಬಿಗಿದು ಎಳೆದುಬಿಡೋಣ ಅಂದ.
ಎಳೆಯಬಾರದು, ಒಡೆಯುತ್ತದೆ.
ತೊಟ್ಟಿಲು ತೂಗಿದಂತೆ ತುಸು ಆಚೆ, ತುಸು ಈಚೆ,
ಹಲ್ಲು ಹಲ್ಲಿನ ಸಂದಿ ತಾನೇ ಹುಡುಕಿಕೊಳ್ಳಬೇಕು.
ಕೈ ಸೋತು ಬಿಡುವ ಹೊತ್ತಿಗೆ
ಟಕ್.

ಏಪ್ರಿಲ್ಲು. ಡುಲೂತಿನ ದಾರಿ.
ಸ್ಟೇರಿಂಗ್ ಕಂಬದ ಹಳೆ ಹಿಡಿಯನ್ನು ನಾನು ತೆಗೆದಿರಲಿಲ್ಲ.
ಅವನ ಕೈ ಮೊದಲು ಅಲ್ಲಿಗೇ ಹೋಯಿತು,
ಯಾವುದಕ್ಕೂ ಕಟ್ಟಿರದ ಹಿಡಿ ಸಡಿಲವಾಗಿ ತೂಗಿತು,
ಕೈ ನಾಚಿ ನೆಲದ ಕಡೆ ಇಳಿಯಿತು.
ನಾಲ್ಕು. ಆಮೇಲೆ ಐದು.
ಅರವತ್ತು ಅಂದಿತು ಮುಳ್ಳು,
ಸುಳ್ಳು, ಕೇಬಲ್ಲಿನ ಹಲ್ಲು ನಾನಿನ್ನೂ ಬದಲಿಸಿರಲಿಲ್ಲ.

ಎಂಜಿನ್ನು ದನಿ ಇಳಿಸಿತು.
ಏನೋ ಮುರಿಯಿತು ಅಂದುಕೊಂಡೆ.
ಬಾಗಿಲಿನ ರಬ್ಬರಲ್ಲಿ ಗಾಳಿ, ಡಬ್ಬಿಯೊಳಗೊಂದು ಸ್ಪ್ಯಾನರಿನ ಕಿಣಿಕಿಣಿ,
ಅದರ ಕೆಳಗೆ ಇನ್ನೊಂದು ಸದ್ದು:
ರೈನೊ ಗುನುಗುತ್ತಿದ್ದ.
ಹಾಡೇನಲ್ಲ. ಎರಡೇ ಸ್ವರ, ಮೇಲೆ ಕೆಳಗೆ,
ಹೊಲಿಗೆ ಯಂತ್ರದ ಪೆಡಲಿನ ಹಾಗೆ.

ಯಾವಾಗಿನಿಂದ ಇದು? ಅಂದೆ.
ಯಾವುದು?
ಗುನುಗೋದು.
ಯಾವಾಗಲೂ!
ಅಂದ, ಕೂಗಿಯೇ.

ಮತ್ತೆ ಮೂವತ್ತು ಮೈಲಿ ಇಬ್ಬರೂ ಮಾತಾಡಲಿಲ್ಲ.
ದಿಬ್ಬ ಹತ್ತಿದೊಡನೆ ಸುಪೀರಿಯರ್ ಸರೋವರ,
ಅಂಚಿಗೆ ಇನ್ನೂ ಬಿಳಿ ಮಂಜು.
ಎರಡನೇ ಗೇರಿನಲ್ಲಿ ಒಂದು ಗೊಣಗು ಉಳಿದಿದೆ,
ಹಿಂದಿನ ಸೀಲು ಹನಿ ಹನಿ ಸೋರುತ್ತದೆ.
ಸೋಮವಾರ ನೋಡುತ್ತೇನೆ.